ಬ್ಯಾನರಿಗೆ ಹಣವಿದೆ, ಓಮ್ನಿಗೆ ಇಲ್ಲ

ಶಿವಮೊಗ್ಗ ಜಿಲ್ಲೆಯ ಮಕ್ಕಳ ಓದಿಗೆ, ಕಲೆಗೆ ಅನುದಾನ ಕೊಡುವ ಎಲ್ಲ ಪ್ರತಿಷ್ಠಾನಗಳ ಟ್ರಸ್ಟಿಗಳಿಗೆ,

ನಮಸ್ಕಾರ.

ನಾನು ಹೊಸನಗರ ತಾಲೂಕಿನವನು. ಸ್ವಲ್ಪ ಅಡಿಕೆ ತೋಟ ಇದೆ. ಎಲೆಚುಕ್ಕಿ ರೋಗ ಬಂದ ಮೇಲೆ ಆದಾಯ ಇನ್ನೂ ಸ್ವಲ್ಪ. ನಮ್ಮೂರ ಯುವಕ ಸಂಘಕ್ಕೆ ಹನ್ನೊಂದು ವರ್ಷದಿಂದ ನಾನೇ ಖಜಾಂಚಿ. ಅಧ್ಯಕ್ಷರು ಬದಲಾಗುತ್ತಾರೆ, ಕಾರ್ಯದರ್ಶಿ ಬದಲಾಗುತ್ತಾರೆ. ಲೆಕ್ಕದ ಪುಸ್ತಕ ಮಾತ್ರ ಯಾರೂ ಕೇಳುವುದಿಲ್ಲ.

ಸಂಘ ಮಾಡುವುದು ಎರಡೇ ಕೆಲಸ. ಶನಿವಾರ ಮಧ್ಯಾಹ್ನ ಮಕ್ಕಳಿಗೆ ಯಕ್ಷಗಾನದ ತರಗತಿ. ವಾರದಲ್ಲಿ ನಾಲ್ಕು ದಿನ ಹೈಸ್ಕೂಲು ಮಕ್ಕಳಿಗೆ ಸಂಜೆ ಪಾಠ. ಎರಡಕ್ಕೂ ಜಾಗ ಒಂದೇ, ದೇವಸ್ಥಾನದ ಪಕ್ಕದ ಸಮುದಾಯ ಭವನ. ಒಂದು ಮೂಲೆಯಲ್ಲಿ ಹೆಂಚು ಸೋರುತ್ತದೆ, ಅಲ್ಲಿ ಬಕೆಟ್ ಇಟ್ಟಿದ್ದೇವೆ. ಮಳೆ ಜೋರಾದರೆ ಬಕೆಟ್ಟಿನ ಸದ್ದೂ ತಾಳದ ಜೊತೆ ಸೇರಿಕೊಳ್ಳುತ್ತದೆ.

ಈ ಪತ್ರ ಯಾರ ಮೇಲೂ ದೂರಲ್ಲ. ನಮಗೆ ಹಣ ಕೊಟ್ಟವರ ಹೆಸರು ಇದರಲ್ಲಿ ಬರುವುದಿಲ್ಲ. ಅವರು ಒಳ್ಳೆಯ ಜನ, ಕೇಳಿದಾಗ ಕೊಟ್ಟರು, ಫೋನ್ ಮಾಡಿದರೆ ಎತ್ತುತ್ತಿದ್ದರು. ಆದರೂ ಎರಡು ವರ್ಷದಲ್ಲಿ ನಮ್ಮ ಲೆಕ್ಕದ ಪುಸ್ತಕದಲ್ಲಿ ನಡೆದದ್ದನ್ನು ನಿಮ್ಮೆಲ್ಲರ ಮುಂದೆ ಇಡಬೇಕು ಅನ್ನಿಸಿದೆ. ಇದೇ ಲೆಕ್ಕ ಸಾಗರದಲ್ಲೋ ಸೊರಬದಲ್ಲೋ ತೀರ್ಥಹಳ್ಳಿಯಲ್ಲೋ ಇನ್ನೊಬ್ಬ ಖಜಾಂಚಿಯ ಪುಸ್ತಕದಲ್ಲೂ ಇರುತ್ತದೆ. ನನಗೆ ಅನುಮಾನವಿಲ್ಲ.

ಎರಡು ವರ್ಷದ ಹಿಂದೆ ನಾವು ಮೊದಲ ಸಲ ಒಂದು ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದೆವು. ಅರ್ಜಿ ಇಂಗ್ಲಿಷಿನಲ್ಲಿತ್ತು, ಹದಿನಾಲ್ಕು ಪುಟ. ಊರಲ್ಲಿ ಹುಟ್ಟಿ ಬೆಂಗಳೂರಲ್ಲಿ ಕೆಲಸ ಮಾಡುವ ಹುಡುಗನೊಬ್ಬ ರಾತ್ರಿ ಫೋನಿನಲ್ಲಿ ಒಂದೊಂದೇ ಪ್ರಶ್ನೆ ಓದಿ ಹೇಳಿದ. ‘ಔಟ್‌ಪುಟ್’ ಅಂತ ಒಂದು ಕಾಲಂ, ‘ಔಟ್‌ಕಮ್’ ಅಂತ ಇನ್ನೊಂದು. ಎರಡಕ್ಕೂ ಏನು ವ್ಯತ್ಯಾಸ ಅಂತ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎರಡರಲ್ಲೂ ಒಂದೇ ಬರೆಯೋಣ, ಸ್ವಲ್ಪ ತಿರುಗಿಸಿ’ ಅಂದ. ಹಾಗೇ ಮಾಡಿದೆವು.

ನಾವು ಕೇಳಿದ್ದು 62,000 ರೂಪಾಯಿ. ಯಕ್ಷಗಾನದ ಗುರುಗಳಿಗೆ ಶನಿವಾರಕ್ಕೆ 1,200ರಂತೆ ಇಪ್ಪತ್ತು ಶನಿವಾರಕ್ಕೆ 24,000. ಸಂಜೆ ಪಾಠ ಹೇಳುವವರಿಗೆ ತಿಂಗಳಿಗೆ 4,000ದಂತೆ ಐದು ತಿಂಗಳಿಗೆ 20,000. ಮದ್ದಳೆ, ಚೆಂಡೆ ರಿಪೇರಿಗೆ 6,000. ಮಕ್ಕಳಿಗೆ ಅವಲಕ್ಕಿ, ಚಾ 3,000. ಕೊನೆಯದು ಓಮ್ನಿ. ತರಗತಿ ಮುಗಿದ ಮೇಲೆ ದೂರದ ಏಳು ಮಕ್ಕಳನ್ನು ಮನೆಗೆ ಬಿಡಲು ಒಂದು ಟ್ರಿಪ್ಪಿಗೆ 450 ರೂಪಾಯಿ, ಇಪ್ಪತ್ತು ಟ್ರಿಪ್ಪಿಗೆ 9,000.

ಮಂಜೂರಾದದ್ದು 45,000. ಅದರಲ್ಲಿ 25,000 ಸಮಾರೋಪ ಸಮಾರಂಭಕ್ಕೆ: ವೇದಿಕೆ, ಧ್ವನಿವರ್ಧಕ, ಬ್ಯಾನರ್, ನೆನಪಿನ ಕಾಣಿಕೆ, ಪ್ರಮಾಣಪತ್ರ. ಗುರುಗಳಿಗೆ 12,000. ರಿಪೇರಿ, ತಿಂಡಿ, ಇತರೆ ಎಲ್ಲ ಸೇರಿ 8,000. ಸಂಜೆ ಪಾಠಕ್ಕೆ ಸೊನ್ನೆ. ಓಮ್ನಿಗೆ ಸೊನ್ನೆ. ಬ್ಯಾನರಿನ ಅಳತೆ ಮಾತ್ರ ಸ್ಪಷ್ಟವಾಗಿ ಬರೆದಿದ್ದರು, ಹತ್ತು ಅಡಿಗೆ ಎಂಟು ಅಡಿ. ಲಾಂಛನ ಯಾವ ಮೂಲೆಗೆ ಬರಬೇಕು ಅಂತಲೂ ಇತ್ತು.

ಫೋನ್ ಮಾಡಿದೆ. ‘ಓಮ್ನಿ ಯಾಕೆ ತೆಗೆದಿರಿ ಮೇಡಂ?’

‘ಟ್ರಾವೆಲ್ ನಮ್ಮ ಹೆಡ್‌ನಲ್ಲಿ ಬರಲ್ಲ ಸರ್. ಅದನ್ನ ಸ್ಥಳೀಯ ಕೊಡುಗೆ ಅಂತ ತೋರಿಸಿಬಿಡಿ.’

ತೋರಿಸುವುದು ಸುಲಭ. ಓಡಿಸುವುದು ಕಷ್ಟ. ನಮ್ಮ ಕಡೆಯ ವ್ಯವಸ್ಥೆ ಗೊತ್ತಿಲ್ಲದವರಿಗೆ ಇದು ಅರ್ಥವಾಗುವುದಿಲ್ಲ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಶನಿವಾರ ಶಾಲೆ ಅರ್ಧ ದಿನ. ಆದರೆ ಗುರುಗಳು ಬರುವ ಬಸ್ಸು ಊರು ಮುಟ್ಟುವುದು ಎರಡೂವರೆಗೆ. ಒಳಗಿನ ಹಳ್ಳಿಗಳಿಗೆ ಹೋಗುವ ಕೊನೆಯ ಬಸ್ಸು ನಾಲ್ಕು ಹತ್ತಕ್ಕೆ. ನಡುವೆ ಒಂದೂ ಮುಕ್ಕಾಲು ಗಂಟೆಯೂ ಇಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಸಂತೋಷ. ಆದರೆ ನಮ್ಮ ಈ ರಸ್ತೆಯಲ್ಲಿ ಓಡುವುದು ಖಾಸಗಿ ಬಸ್ಸು. ಕೆಂಪು ಬಸ್ಸು ನೋಡಬೇಕಾದರೆ ನಾವು ಪೇಟೆಗೇ ಹೋಗಬೇಕು.

ಅರ್ಜಿ ಹಾಕಿದ ಆ ಮೊದಲ ವರ್ಷ ತರಗತಿಗೆ ಎಂಟನೇ ಕ್ಲಾಸಿನ ಒಬ್ಬಳು ಹುಡುಗಿ ಬರುತ್ತಿದ್ದಳು. ಮನೆ ಆರು ಕಿಲೋಮೀಟರ್ ಒಳಗೆ, ಬಸ್ಸಿಳಿದು ಮತ್ತೆ ನಡೆಯಬೇಕು, ನಡುವೆ ಒಂದು ಹಳ್ಳ, ಅದಕ್ಕೊಂದು ಕಾಲುಸಂಕ. ಹೆಣ್ಣುಮಕ್ಕಳು ಬಂದರೆ ಎಲ್ಲರೂ ಹೆಜ್ಜೆಗೆ ನಿಲ್ಲಿಸುತ್ತಾರೆ. ಇವಳು ಸೀದಾ ಹೋಗಿ ಮದ್ದಳೆ ಮುಂದೆ ಕೂತಳು. ಯಾರೂ ಹೇಳಿಕೊಟ್ಟಿರಲಿಲ್ಲ.

ಮಳೆಗಾಲದಲ್ಲಿ ಮದ್ದಳೆಯ ಮುಚ್ಚಿಗೆ ಥಂಡಿ ಎಳೆದುಕೊಂಡು ಸಡಿಲಾಗುತ್ತದೆ. ಬಡಿದರೆ ಒದ್ದೆ ಚೀಲಕ್ಕೆ ಹೊಡೆದ ಹಾಗೆ ಸದ್ದು. ಅದಕ್ಕೆ ನಾವು ಇನ್ನೂರು ವ್ಯಾಟಿನ ಹಳೇ ಬಲ್ಬು ಹಚ್ಚಿ ಅದರ ಹತ್ತಿರ ಇಡುತ್ತೇವೆ. ಕರೆಂಟು ಇಲ್ಲದಿದ್ದರೆ ಕೆಂಡ. ಹತ್ತಿರ ಜಾಸ್ತಿ ಇಟ್ಟರೆ ಚರ್ಮ ಒಡೆಯುತ್ತದೆ, ದೂರ ಇಟ್ಟರೆ ಕಾಯುವುದಿಲ್ಲ. ಎರಡನೇ ವಾರದಿಂದ ಆ ಕೆಲಸವನ್ನು ಅವಳೇ ವಹಿಸಿಕೊಂಡಳು. ಮದ್ದಳೆಯನ್ನು ಸ್ವಲ್ಪ ಸ್ವಲ್ಪ ತಿರುಗಿಸುವುದು, ಕಿವಿ ಹತ್ತಿರ ತಂದು ಬೆರಳ ತುದಿಯಿಂದ ಮೆಲ್ಲಗೆ ತಟ್ಟುವುದು, ತಲೆ ಅಲ್ಲಾಡಿಸಿ ಮತ್ತೆ ಬಲ್ಬಿನ ಹತ್ತಿರ ಇಡುವುದು. ಸಾಕು ಅನ್ನಿಸಿದಾಗ ಗುರುಗಳ ಮುಖ ನೋಡುತ್ತಿದ್ದಳು. ಗುರುಗಳು ಹೆಚ್ಚು ಮಾತಾಡುವವರಲ್ಲ. ‘ಇವಳಿಗೆ ಕಿವಿ ಉಂಟು ಮಾರಾಯ್ರೆ’ ಅಂದರು ಒಂದು ಸಲ. ಅಷ್ಟೇ.

ಮದ್ದಳೆ ಕಾಯುವಷ್ಟರಲ್ಲಿ ಮೂರೂಕಾಲು. ಸಣ್ಣವರ ಹೆಜ್ಜೆ ಪಾಠ ಮುಗಿಸಿ ಏಕತಾಳದಿಂದ ರೂಪಕಕ್ಕೆ ಬರುವಷ್ಟರಲ್ಲಿ ನಾಲ್ಕು. ಆಗ ಅವಳು ಎದ್ದು ಚೀಲ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಓಡುತ್ತಿದ್ದಳು. ಅವಳು ಕಾಯಿಸಿಟ್ಟ ಮದ್ದಳೆಯಲ್ಲಿ ಉಳಿದವರು ಕಲಿಯುತ್ತಿದ್ದರು.

ಎರಡು ಸಲ ಬಸ್ಸು ತಪ್ಪಿತು. ಒಂದು ಸಲ ನಾನು ಬೈಕಿನಲ್ಲಿ ಬಿಟ್ಟು ಬಂದೆ. ಇನ್ನೊಂದು ಸಲ ಅವಳ ಅಪ್ಪ ನಡೆದು ಬಂದು ಕರೆದುಕೊಂಡು ಹೋದರು, ಕಾಲಿಗೆಲ್ಲ ಇಂಬಳ. ಆಗಸ್ಟಿನ ನಂತರ ಅವಳು ಬರಲಿಲ್ಲ. ಮನೆಗೆ ಹೋಗಿ ಕೇಳಿದೆ. ಅವಳ ಅಮ್ಮ ಬಾಗಿಲಲ್ಲೇ ನಿಂತು, ‘ಹೆಣ್ಣು ಹುಡುಗಿ ಅಣ್ಣಾ, ಕತ್ತಲೆ ಆಗ್ತದೆ, ಹಳ್ಳ ಬೇರೆ ಬಂದಿದೆ. ಈ ಮಳೆಗಾಲ ಒಂದು ಮುಗೀಲಿ’ ಅಂದರು.

ಮಳೆಗಾಲ ಮುಗಿದರೆ ನಮ್ಮ ತರಗತಿಯೇ ಮುಗಿಯುತ್ತದೆ. ಇದನ್ನು ನೀವು ತಿಳಿದುಕೊಳ್ಳಬೇಕು. ಕಲಿಸುವಷ್ಟು ಬಲ್ಲ ಕಲಾವಿದರು ಮೇಳದಲ್ಲಿರುತ್ತಾರೆ. ಮೇಳದ ತಿರುಗಾಟ ನವೆಂಬರ್ ಹೊತ್ತಿಗೆ ಶುರುವಾದರೆ ಮೇ ತನಕ ದಿನವೂ ಒಂದೊಂದು ಊರು. ಅವರು ಊರಲ್ಲಿ ಸಿಗುವುದು ಜೂನ್‌ನಿಂದ ಅಕ್ಟೋಬರ್ ತನಕ. ಅಂದರೆ ನಮ್ಮಲ್ಲಿ ಯಕ್ಷಗಾನ ಕಲಿಯುವ ಕಾಲವೂ ಮಳೆಯ ಕಾಲವೂ ಒಂದೇ. ಹುಲಿಕಲ್ ಇರುವ ತಾಲೂಕು ನಮ್ಮದು, ಮಳೆ ಅಂದರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಮಕ್ಕಳಿಗೆ ವಾಹನ ಬೇಕಾಗುವುದೂ ಆಗಲೇ.

ಮಂಜೂರಾದ ಹಣ ಬಂದದ್ದು ಫೆಬ್ರವರಿ ಮೂರನೇ ವಾರ. ಗುರುಗಳು ಆಗ ಘಟ್ಟದ ಕೆಳಗೆ ಎಲ್ಲೋ ವೇಷ ಕಟ್ಟಿ ಕುಣಿಯುತ್ತಿದ್ದರು. ದೊಡ್ಡ ಮಕ್ಕಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಎದುರಿಗಿತ್ತು. ಅಡಿಕೆ ಸುಲಿದು, ಒಣಗಿಸಿ, ಮಂಡಿಗೆ ಹಾಕಿ ಊರೆಲ್ಲ ಸುಸ್ತಾಗಿ ಕೂತಿತ್ತು. ಪತ್ರದಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು: ಮಾರ್ಚ್ 31ರೊಳಗೆ ಖರ್ಚು ಮಾಡಿ ಬಳಕೆ ಪ್ರಮಾಣಪತ್ರ ಕಳಿಸತಕ್ಕದ್ದು.

ಇನ್ನೇನು ಮಾಡುವುದು? ಸಮಾರಂಭ ಮಾಡಿದೆವು.

ಚೆನ್ನಾಗಿಯೇ ಆಯಿತು ಅನ್ನಿ. ವೇದಿಕೆ ಮೇಲೆ ಹದಿನಾಲ್ಕು ಜನ. ಸ್ವಾಗತಕ್ಕೆ ಇಪ್ಪತ್ತು ನಿಮಿಷ, ಹಾರ, ಶಾಲು, ಎಲ್ಲರದೂ ಎರಡೆರಡು ಮಾತು, ಯಾರದೂ ಎರಡಕ್ಕೆ ನಿಲ್ಲಲಿಲ್ಲ. ಸಂಜೆ ಐದಕ್ಕೇ ಮಕ್ಕಳಿಗೆ ಬಣ್ಣ ಹಚ್ಚಿ ಕೂರಿಸಿದ್ದೆವು. ಎಂಟೂವರೆಗೆ ಪರದೆ ಸರಿಸಿದಾಗ ಬಾಲಗೋಪಾಲ ವೇಷದ ಹುಡುಗ ಬಣ್ಣ ಹಚ್ಚುವ ಚೌಕಿಯಲ್ಲಿ ಕಿರೀಟ ಸಮೇತ ನಿದ್ದೆ ಹೋಗಿದ್ದ. ಎಬ್ಬಿಸಿದರೆ ಅತ್ತ. ಕಣ್ಣೀರಿಗೆ ಕಲಸಿದ ಬಣ್ಣವನ್ನು ಮತ್ತೆ ತಿದ್ದಿ ಕಳಿಸಿದೆವು. ಇದು ನಿಮ್ಮೊಬ್ಬರ ತಪ್ಪಲ್ಲ. ಸಮಾರಂಭದ ಚಟ ನಮಗೂ ಇದೆ, ಬಹುಶಃ ನಿಮಗಿಂತ ಜಾಸ್ತಿ.

ವರದಿಗೆ ಫೋಟೋ ಕೇಳಿದ್ದರು. ಕಳಿಸಿದೆವು. ಫಲಾನುಭವಿಗಳ ಸಂಖ್ಯೆ ಕೇಳಿದ್ದರು. ಪ್ರೇಕ್ಷಕರನ್ನೂ ಸೇರಿಸಿ 350 ಅಂತ ಬರೆದೆವು. ನಿಯಮಿತವಾಗಿ ಕಲಿತವರು ಹದಿನೆಂಟು ಮಕ್ಕಳು. ಹದಿನೆಂಟು ಅಂತ ಬರೆಯಲು ನಾಚಿಕೆಯಾಯಿತು. ಆ ಕಾಲಂ ನೋಡಿದರೆ ಹಾಗೆ ನಾಚಿಕೆಯಾಗುವಂತೆಯೇ ಇತ್ತು. ಬಿಟ್ಟುಹೋದವರು ಯಾರು, ಯಾಕೆ ಅಂತ ಕೇಳುವ ಕಾಲಂ ಹದಿನಾಲ್ಕು ಪುಟದಲ್ಲಿ ಎಲ್ಲೂ ಇರಲಿಲ್ಲ.

ಈಗ ಎರಡನೇ ವರ್ಷದ ವಿಷಯ. ಇದನ್ನು ಬರೆಯುವುದಕ್ಕೇ ನಾನು ಪತ್ರ ಹಿಡಿದು ಕೂತಿದ್ದು.

ಹೋದ ವರ್ಷ ಮತ್ತೆ ಅರ್ಜಿ ಹಾಕಿದೆವು, ಮತ್ತೆ ಅಷ್ಟೇ ಮಂಜೂರಾಯಿತು, ಮತ್ತೆ ಓಮ್ನಿಗೆ ಸೊನ್ನೆ. ಈ ಸಲ ಮಕ್ಕಳನ್ನು ಕಳೆದುಕೊಳ್ಳಬಾರದು ಅಂತ ತೀರ್ಮಾನ ಮಾಡಿದ್ದೆವು. ಓಮ್ನಿಯವರ ಹತ್ತಿರ ಹೋಗಿ ಫೆಬ್ರವರಿ ತನಕ ಸಾಲ ಹೇಳಿದೆ. ಅವರು ಊರಿನವರೇ, ಒಪ್ಪಿದರು. ಹದಿನೆಂಟು ಶನಿವಾರ ಓಡಿಸಿದರು. ಎರಡು ಶನಿವಾರ ರಸ್ತೆ ಪಕ್ಕದ ದರೆ ಕುಸಿದು ವಾಹನವೇ ಹೋಗಲಿಲ್ಲ. ಆ ವರ್ಷ ದೂರದ ಏಳು ಮಕ್ಕಳಲ್ಲಿ ಒಬ್ಬರೂ ಬಿಡಲಿಲ್ಲ.

ಫೆಬ್ರವರಿಯಲ್ಲಿ ಹಣ ಬಂತು. ಓಮ್ನಿಯವರಿಗೆ 8,100 ಕೊಡಬೇಕು. ನಿಮ್ಮ ಪಟ್ಟಿಯಲ್ಲಿ ಆ ಹೆಸರಿಲ್ಲ. ಧ್ವನಿವರ್ಧಕದ ಹೆಸರಿದೆ. ಮೈಕ್‌ಸೆಟ್ಟಿನವರ ಹತ್ತಿರ ಹೋಗಿ, ಬಾಡಿಗೆಗಿಂತ 8,100 ಜಾಸ್ತಿ ಹಾಕಿ ಬಿಲ್ ಕೊಡಿ ಅಂದೆ. ಅವರು ಏನೂ ಕೇಳದೆ ಬರೆದುಕೊಟ್ಟರು. ಕೇಳದೇ ಬರೆದುಕೊಟ್ಟರಲ್ಲ, ಅದು ನನಗೆ ಜಾಸ್ತಿ ಚುಚ್ಚಿತು. ಇಂಥ ಬಿಲ್ಲು ಕೇಳುವ ಖಜಾಂಚಿಗಳು ಅವರಿಗೆ ಹೊಸಬರಲ್ಲ ಅಂತ ಗೊತ್ತಾಯಿತು.

ಹನ್ನೊಂದು ವರ್ಷದ ಪುಸ್ತಕದಲ್ಲಿ ಅದೊಂದೇ ಸುಳ್ಳು ಲೆಕ್ಕ. ಒಂದು ರೂಪಾಯಿಯೂ ಯಾರ ಜೇಬಿಗೂ ಹೋಗಿಲ್ಲ, ಆದರೂ ಸುಳ್ಳು ಸುಳ್ಳೇ. ಹಣ ಕೊಟ್ಟವರಿಗೆ ಬೇರೆ ಪತ್ರ ಬರೆದು ಒಪ್ಪಿಕೊಂಡಿದ್ದೇನೆ. ವಾಪಸ್ ಕೇಳಿದರೆ ಕೊಡುತ್ತೇವೆ, ವಂತಿಗೆ ಎತ್ತಿಯಾದರೂ. ನಿಮ್ಮ ಹತ್ತಿರ ಕೇಳುವುದು ಇಷ್ಟೇ: ನಿಮ್ಮ ಪಟ್ಟಿ ಹೀಗೇ ಇದ್ದರೆ ಪ್ರಾಮಾಣಿಕರಾಗಿರುವ ಸಂಘಗಳ ಮಕ್ಕಳು ಬಿಟ್ಟುಹೋಗುತ್ತಾರೆ, ಬಿಲ್ಲು ಹೊಂದಿಸಲು ಬರುವ ಸಂಘಗಳ ಮಕ್ಕಳು ಉಳಿಯುತ್ತಾರೆ. ಹಾಗಾಗಬೇಕು ಅಂತ ನೀವು ಬಯಸಿಲ್ಲ ಅಲ್ವಾ?

ಕಾನೂನು ಅಡ್ಡ ಬರುತ್ತದೆ ಅಂತ ಕೆಲವರು ಹೇಳುತ್ತಾರೆ. ನಾನೂ ನಂಬಿದ್ದೆ. ಆಮೇಲೆ ಶಿವಮೊಗ್ಗದಲ್ಲಿ ಪರಿಚಯದ ಆಡಿಟರ್ ಒಬ್ಬರು ಕೂರಿಸಿಕೊಂಡು ಬಿಡಿಸಿ ಹೇಳಿದರು. ನಿಮ್ಮಲ್ಲಿ ಹಲವರಿಗೆ ಹಣ ಬರುವುದು ಕಂಪನಿಗಳಿಂದ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಯಾವುದಕ್ಕೆ ಮಾಡಬಹುದು ಅನ್ನುವುದು ಏಳನೇ ಅನುಸೂಚಿಯಲ್ಲಿದೆ. ಶಿಕ್ಷಣವೂ ಇದೆ, ಕಲೆ ಮತ್ತು ಸಂಸ್ಕೃತಿಯೂ ಇದೆ. ಆಡಳಿತ ವೆಚ್ಚಕ್ಕೆ ಶೇ. 5ರ ಮಿತಿ ಇದೆ ನಿಜ. ಆದರೆ ಅದು ಕಂಪನಿ ತನ್ನ ಈ ಕೆಲಸವನ್ನು ನಿಭಾಯಿಸಲು ಮಾಡುವ ಸಾಮಾನ್ಯ ಖರ್ಚಿಗೆ. ಒಂದು ಯೋಜನೆಯನ್ನು ನಡೆಸಲು ನೇರವಾಗಿ ಆಗುವ ಖರ್ಚು ಆ ಲೆಕ್ಕಕ್ಕೆ ಬರುವುದಿಲ್ಲ ಅಂತ ನಿಯಮದಲ್ಲೇ ಬರೆದಿದೆ. ಕಲಿಸುವವರ ಸಂಭಾವನೆ ಇಲ್ಲದೆ ತರಗತಿ ಹೇಗೆ ನಡೆಯುತ್ತದೆ? ಮಕ್ಕಳು ಬಾರದೆ ಹೇಗೆ ನಡೆಯುತ್ತದೆ? ಗುರುಗಳೂ ಓಮ್ನಿಯೂ ‘ಇತರೆ’ ಅಲ್ಲ ಸ್ವಾಮಿ. ಅವೇ ಯೋಜನೆ. ಇತರೆ ಆಗಬೇಕಾದದ್ದು ಬ್ಯಾನರು.

ಒಂದೇ ವರ್ಷಕ್ಕೆ ಕೊಡಬೇಕು ಅನ್ನುವುದೂ ಕಾನೂನಲ್ಲ. ಶುರುವಾದ ವರ್ಷ ಬಿಟ್ಟು ಮುಂದಿನ ಮೂರು ವರ್ಷದ ತನಕ ನಡೆಯುವ ಯೋಜನೆಗೆ ನಿಯಮದಲ್ಲಿ ಜಾಗವಿದೆ. ಖರ್ಚಾಗದೆ ಉಳಿದ ಹಣವನ್ನು ಅದಕ್ಕೆಂದೇ ಬೇರೆ ಖಾತೆಯಲ್ಲಿ ಇಡುವ ವ್ಯವಸ್ಥೆಯೂ ಇದೆ. ಇನ್ನು ಮಾರ್ಚ್ 31ರ ಗಡಿಬಿಡಿ. ಮೇ ತಿಂಗಳಲ್ಲಿ ಕೊಟ್ಟರೂ ಅದೇ ಹಣಕಾಸು ವರ್ಷದ ಖರ್ಚೇ ತಾನೇ? ಮೇ ಕೊನೆಗೆ ಹಣ ಬಂದರೆ ಜೂನ್ ಮೊದಲ ಶನಿವಾರಕ್ಕೆ ಮದ್ದಳೆಗೆ ಹೊಸ ಮುಚ್ಚಿಗೆ ಬಿದ್ದಿರುತ್ತದೆ.

ನಿಮ್ಮಂಥ ಪ್ರತಿಷ್ಠಾನಗಳು ಯಾಕೆ ಬೇಕು ಅನ್ನುವುದೂ ನನಗೆ ಆಗಲೇ ಹೊಳೆದದ್ದು. ಕಂಪನಿಯ ಹಣ ಪಡೆಯುವ ಸಂಸ್ಥೆ ಆದಾಯ ತೆರಿಗೆ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು, 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಅನ್ನುವ ಫಾರ್ಮನ್ನೂ ತುಂಬಿರಬೇಕು. ನಮ್ಮದು 1960ರ ಸಂಘಗಳ ಕಾಯ್ದೆಯಲ್ಲಿ ನೋಂದಣಿಯಾದ ಸಣ್ಣ ಸಂಘ. ವರ್ಷವರ್ಷ ಸದಸ್ಯರ ಪಟ್ಟಿ, ಆಡಿಟ್ ವರದಿ ಕೊಡುವುದರಲ್ಲೇ ಬೆವರು ಇಳಿಯುತ್ತದೆ. ಅಷ್ಟೆಲ್ಲ ನೋಂದಣಿ ಮಾಡಿಸಿ ನಿಭಾಯಿಸುವ ಖರ್ಚು ನಮ್ಮ ಒಂದು ವರ್ಷದ ಗುರುದಕ್ಷಿಣೆ ನುಂಗುತ್ತದೆ. ದೊಡ್ಡ ಕಂಪನಿ 50,000 ರೂಪಾಯಿಗೆ ಹಳ್ಳಿಯ ಸಂಘವನ್ನು ಹುಡುಕಿಕೊಂಡು ಬರುವುದಿಲ್ಲ, ಬರಲಿಕ್ಕೂ ಆಗುವುದಿಲ್ಲ. ನಡುವೆ ನಿಂತು ದೊಡ್ಡ ಕಾಗದದ ಹೊರೆಯನ್ನು ಹೊತ್ತು, ಸಣ್ಣ ಹಣವನ್ನು ಸಣ್ಣ ಕಾಗದದಲ್ಲಿ ಮುಟ್ಟಿಸುವವರು ಬೇಕು. ಅದು ನೀವು. ಆದರೆ ಮೇಲಿನಿಂದ ಬಂದ ಹದಿನಾಲ್ಕು ಪುಟವನ್ನು ಹಾಗೇ ನಮಗೆ ದಾಟಿಸಿಬಿಟ್ಟರೆ ಹೊರೆ ಹೊತ್ತವರು ಯಾರು?

ಊರಿನ ಸಮುದಾಯದ ಪ್ರತಿಷ್ಠಾನ ಅನ್ನುವುದು ಮೊದಲು ಶುರುವಾದದ್ದು 1914ರಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್ ಎಂಬ ಊರಲ್ಲಂತೆ. ಊರಿನ ಹಲವರ ಹಣವನ್ನು ಒಂದೇ ಕಡೆ ಹಾಕಿ, ಊರಿನವರೇ ಕೂತು ಯಾವುದಕ್ಕೆ ಕೊಡಬೇಕು ಅಂತ ನಿರ್ಧರಿಸುವುದು. ಕೇಳಿದಾಗ ನಗು ಬಂತು. ದೀಪಾವಳಿಯಲ್ಲಿ ಅಂಟಿಗೆ-ಪಂಟಿಗೆಯವರು ಮಾಡುವುದು ಇನ್ನೇನು? ಜ್ಯೋತಿ ಹಿಡಿದು ರಾತ್ರಿಯಿಡೀ ಮನೆಮನೆಗೆ ಹಾಡುತ್ತ ಹೋಗುತ್ತಾರೆ. ದೀಪ ಆರಬಾರದು. ಮನೆಯವರು ಅದಕ್ಕೆ ಎಣ್ಣೆ ಹೊಯ್ದು, ಕೈಲಾದಷ್ಟು ಅಕ್ಕಿ, ಕಾಯಿ, ದುಡ್ಡು ಕೊಡುತ್ತಾರೆ. ಕೂಡಿದ್ದು ಊರಿನದು. ಅಲ್ಲಿ ಕೊಟ್ಟವರು ಯಾರೂ ಫೋಟೋ ಕೇಳಿದ್ದನ್ನು ನಾನು ನೋಡಿಲ್ಲ. ಕೊಡುವ ಮೊದಲು ಪದ ಕೇಳುತ್ತಾರೆ, ಅಷ್ಟೇ. ‘ಇನ್ನೊಂದು ಹಾಡಿ’ ಅಂತ ಕೂರಿಸಿಕೊಳ್ಳುವವರೂ ಇದ್ದಾರೆ.

ಸಂಜೆ ಪಾಠದ ಕಥೆ ಬೇರೆ, ಆದರೆ ಗುಣ ಅದೇ. ಇನ್ನೊಬ್ಬ ದಾನಿಗಳು ನಮಗೆ ಹತ್ತು ಟ್ಯಾಬ್ ಕೊಟ್ಟರು. ಪಾಠವೆಲ್ಲ ಅದರೊಳಗೇ ಇದೆ, ಮಕ್ಕಳು ನೋಡಿಕೊಂಡು ಕಲಿಯಬಹುದು ಅಂದರು. ನಮ್ಮೂರಲ್ಲಿ ನೆಟ್‌ವರ್ಕ್ ಸಿಗುವುದು ಶಾಲೆ ಹಿಂದಿನ ದರೆಯ ಮೇಲೆ, ಅದೂ ಒಂದು ಹಲಸಿನ ಮರದ ಬುಡದಲ್ಲಿ. ಕೊರೊನಾ ಕಾಲದಲ್ಲಿ ಮಕ್ಕಳು ಕೊಡೆ ಹಿಡಿದು ಅಲ್ಲೇ ಕೂತು ಪಾಠ ಕೇಳಿದ್ದಾರೆ. ಜುಲೈಯಲ್ಲಿ ಕಂಬ ಬಿದ್ದರೆ ನಾಲ್ಕು ದಿನ ಕರೆಂಟಿಲ್ಲ. ಟ್ಯಾಬುಗಳು ಈಗ ಬೀರುವಿನಲ್ಲಿ ಭದ್ರವಾಗಿವೆ. ಬೀಗದ ಕೈ ನನ್ನ ಹತ್ತಿರವೇ ಇದೆ, ಆ ಜವಾಬ್ದಾರಿಯೂ ಖಜಾಂಚಿಯದೇ.

ನಮಗೆ ಬೇಕಾಗಿದ್ದದ್ದು ತಿಂಗಳಿಗೆ 4,000. ಊರಲ್ಲೇ ಬಿಎಸ್ಸಿ ಮುಗಿಸಿದ ಒಬ್ಬಳು ಹುಡುಗಿ ಇದ್ದಳು. ಗಣಿತ, ಇಂಗ್ಲಿಷು ಹೇಳಿಕೊಡುತ್ತಿದ್ದಳು. ಇಂಗ್ಲಿಷಿಗೆ ಹೆದರುವ ಮಕ್ಕಳನ್ನು ಮೊದಲು ಅಡಿಕೆ ಸುಲಿಯುವುದು ಹೇಗೆ ಅಂತ ಇಂಗ್ಲಿಷಿನಲ್ಲಿ ಹೇಳಿ ಅನ್ನುತ್ತಿದ್ದಳು. ತಪ್ಪಿದರೆ ನಗುತ್ತಿದ್ದರು, ನಕ್ಕು ನಕ್ಕು ಹೆದರಿಕೆ ಹೋಗುತ್ತಿತ್ತು. ನಾವು ಮೂರು ತಿಂಗಳು ವಂತಿಗೆ ಎತ್ತಿ ಕೊಟ್ಟೆವು. ನಾಲ್ಕನೇ ತಿಂಗಳಿಂದ ಆಗಲಿಲ್ಲ. ಅವಳು ಬೆಂಗಳೂರಿಗೆ ಹೋದಳು. ಹೋಗಬಾರದಿತ್ತು ಅಂತ ನಾನು ಹೇಳುವುದಿಲ್ಲ, ಅವಳ ಜೀವನ. ಆದರೆ ಹತ್ತು ಟ್ಯಾಬಿನ ಬೆಲೆಯಲ್ಲಿ ಅವಳನ್ನು ಒಂದು ವರ್ಷದ ಮೇಲೆ ಉಳಿಸಿಕೊಳ್ಳಬಹುದಿತ್ತು. ಈಗ ಸಂಜೆ ಪಾಠ ಅಂದರೆ ಮಕ್ಕಳು ಕೂತು ಹೋಮ್‌ವರ್ಕ್ ಮಾಡುವುದು, ನಾನು ಪಕ್ಕದಲ್ಲಿ ಸುಮ್ನೆ ಕಾವಲು ಕೂರುವುದು. ಹತ್ತನೇ ಕ್ಲಾಸಿನ ಗಣಿತ ನನ್ನ ಕೈಮೀರಿದ್ದು.

ಯಕ್ಷಗಾನದ ಬಗ್ಗೆಯೇ ಬರೆದೆ, ಯಾಕೆಂದರೆ ನನಗೆ ಗೊತ್ತಿರುವುದು ಅದು. ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಯ ಮೇಲೆ ಬರೆಯುವ ಚಿತ್ತಾರಕ್ಕೂ ಇದೇ ಪಾಡು. ಮಕ್ಕಳಿಗೆ ಡ್ರಾಯಿಂಗ್ ಶೀಟು, ಅಂಗಡಿ ಬಣ್ಣ ಕೊಟ್ಟು ಎರಡು ಗಂಟೆಯ ಸ್ಪರ್ಧೆ ಮಾಡಿ ಬಹುಮಾನ ಕೊಡುತ್ತಾರೆ. ಪುಂಡಿ ನಾರನ್ನು ಜಜ್ಜಿ ಕುಂಚ ಮಾಡುವುದು, ಕೆಮ್ಮಣ್ಣು ಕಲಸುವುದು, ಅಕ್ಕಿ ನೆನೆಸಿ ಅರೆಯುವುದು, ಅದೇ ಅಕ್ಕಿಯನ್ನು ಸುಟ್ಟು ಕಪ್ಪು ಬಣ್ಣ ತೆಗೆಯುವುದು, ಇದೆಲ್ಲ ಒಬ್ಬ ಅಜ್ಜಿಯ ಪಕ್ಕ ದಿನಗಟ್ಟಲೆ ಕೂತರೆ ಮಾತ್ರ ಬರುತ್ತದೆ. ಭೂಮಿ ಹುಣ್ಣಿಮೆಯ ಬುಟ್ಟಿಗೆ ಚಿತ್ತಾರ ಬರೆಯುವ ದಿನಗಳಲ್ಲಿ ಆ ಅಜ್ಜಿಗೆ ಒಂದಿಷ್ಟು ಸಂಭಾವನೆ ಕೊಟ್ಟು, ನಾಲ್ಕು ಮಕ್ಕಳನ್ನು ಅವರ ಮನೆಗೆ ಕಳಿಸಿ ನೋಡಿ. ವೇದಿಕೆಯೇ ಬೇಡ.

ದೊಡ್ಡದು ಏನೂ ಆಗುವುದಿಲ್ಲ ಇದರಿಂದ ಅಂತ ನಿಮಗೆ ಅನ್ನಿಸಬಹುದು. ಹೆಗ್ಗೋಡಿಗೆ ಹೋಗಿ ಬನ್ನಿ, ಶಿವಮೊಗ್ಗದಿಂದ ದೂರವೇನಲ್ಲ. ನೀನಾಸಂ ಅನ್ನುವುದು 1949ರಲ್ಲಿ ಹಳ್ಳಿಯವರು ಕಟ್ಟಿದ ಒಂದು ಹವ್ಯಾಸಿ ನಾಟಕ ಸಂಘ. ಅಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾದದ್ದು 1980ರಲ್ಲಿ. ಊರೂರಿಗೆ ನಾಟಕ ಒಯ್ಯುವ ಅವರ ‘ತಿರುಗಾಟ’ ಹೊರಟದ್ದು 1985ರಲ್ಲಿ. ಅದರ ಮುಂದಾಳು ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು 1991ರಲ್ಲಿ. ಶಾಲೆ ಆಗುವುದಕ್ಕೇ 31 ವರ್ಷ ಹಿಡಿಯಿತು. ಆ 31 ವರ್ಷದಲ್ಲಿ ಯಾವುದೋ ಒಂದು ಮಾರ್ಚ್ ಹಿಡಿದು ‘ಔಟ್‌ಕಮ್ ಏನು’ ಅಂತ ಕೇಳಿದ್ದರೆ ಅವರು ಏನು ಬರೆಯಬೇಕಿತ್ತು? ನಾವು ಹೆಗ್ಗೋಡು ಆಗುತ್ತೇವೆ ಅಂತ ನಾನು ಹೇಳುತ್ತಿಲ್ಲ. ಅಷ್ಟು ಸೊಕ್ಕು ಇಲ್ಲ.

ಶರಾವತಿ ಹಿನ್ನೀರಿನ ಆಚೆಯವರನ್ನು ಕೇಳಿದರೂ ಓಮ್ನಿಯ ಮಾತು ಅವರಿಗೆ ಬೇಗ ತಿಳಿಯುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯಾದ ಮೇಲೆ ಅವರ ದಿನ ನಡೆಯುತ್ತಿದ್ದದ್ದು ಲಾಂಚಿನ ವೇಳೆ ನೋಡಿಕೊಂಡು. ಸಂಜೆ ಕೊನೆಯ ಲಾಂಚ್ ಹೋದರೆ ಅಂದಿನ ಪಾಠ, ಆಟ, ಆಸ್ಪತ್ರೆ ಎಲ್ಲ ಈಚೆ ದಡದಲ್ಲೇ. 2025ರ ಜುಲೈಯಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಸೇತುವೆ ಆಯಿತು. ಆರು ದಶಕ ಬೇಕಾಯಿತು. ನಾವು ಕೇಳುತ್ತಿರುವುದು ಸೇತುವೆಯಲ್ಲ, ಶನಿವಾರಕ್ಕೆ 450 ರೂಪಾಯಿ.

ಹಾಗಾಗಿ ನನ್ನ ಕೋರಿಕೆ. ಅರ್ಜಿ ಕನ್ನಡದಲ್ಲಿರಲಿ, ಎರಡು ಪುಟ ಸಾಕು. ಉಳಿದದ್ದನ್ನು ಬಂದು ನೋಡಿ ನೀವೇ ಬರೆದುಕೊಳ್ಳಿ. ಹಣ ಮೇ ತಿಂಗಳಲ್ಲಿ ಕೊಡಿ. ಕಡಿಮೆ ಕೊಡಿ, ಪರವಾಗಿಲ್ಲ, ಮೂರು ವರ್ಷ ಕೊಡಿ. ಕಲಿಸುವವರಿಗೆ, ಮಕ್ಕಳನ್ನು ಮನೆ ಮುಟ್ಟಿಸುವವರಿಗೆ ಮೊದಲು ಕೊಡಿ. ಸಮಾರಂಭ ಬೇಕಾದರೆ ನಾವು ಚಂದಾ ಎತ್ತಿ ಮಾಡುತ್ತೇವೆ, ಅದಕ್ಕೆ ಊರಲ್ಲಿ ಹಣ ಹುಟ್ಟುತ್ತದೆ. ಒಂದು ಆಟ ಆಡಿಸುತ್ತೇವೆ ಅಂದರೆ ನಮ್ಮೂರಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ. ಓಮ್ನಿ ಬಾಡಿಗೆ ಅಂದರೆ ಮಾತ್ರ ಎಲ್ಲರೂ ಮೊಬೈಲ್ ನೋಡುತ್ತಾರೆ. ಇದು ನಮ್ಮ ಊರಿನ ದೋಷ, ಒಪ್ಪಿದೆ. ಆದರೆ ಊರು ಕೊಡದ ಕಡೆ ಕೊಡುವುದಕ್ಕೇ ಅಲ್ವಾ ನೀವಿರುವುದು?

ಲೆಕ್ಕ ಕೇಳಿ, ಕೇಳಲೇಬೇಕು. ಓಮ್ನಿಯವರ ಹತ್ತಿರ ಬಿಲ್‌ಬುಕ್ ಇಲ್ಲ. ಟ್ರಿಪ್ಪಿನ ದಿನ, ಮಕ್ಕಳ ಹೆಸರು, ಮನೆಯವರ ಸಹಿ ಇರುವ ಒಂದು ನೋಟ್‌ಪುಸ್ತಕ ಇಟ್ಟಿದ್ದೇನೆ. ಅದನ್ನು ಲೆಕ್ಕ ಅಂತ ಒಪ್ಪಿಕೊಂಡರೆ ಇನ್ನೊಮ್ಮೆ ಮೈಕ್‌ಸೆಟ್ಟಿನ ಅಂಗಡಿ ಮೆಟ್ಟಿಲು ಹತ್ತುವುದು ನನಗೆ ತಪ್ಪುತ್ತದೆ.

ಆ ಹುಡುಗಿ ಈ ವರ್ಷ ಹತ್ತನೇ ಕ್ಲಾಸು. ಪೇಟೆಯಲ್ಲಿ ಹಾಸ್ಟೆಲ್‌ನಲ್ಲಿದ್ದಾಳೆ. ಮೊನ್ನೆ ಜಾತ್ರೆಯಲ್ಲಿ ಸಿಕ್ಕಳು. ಮದ್ದಳೆ ಈಗ ಯಾರು ಕಾಯಿಸುತ್ತಾರೆ ಅಂತ ಕೇಳಿದಳು. ನಾನೇ ಅಂದೆ. ‘ಹತ್ತಿರ ಜಾಸ್ತಿ ಇಡಬೇಡಿ’ ಅಂದಳು.

ಜೂನ್ ಮೊದಲ ಶನಿವಾರ ತರಗತಿ ಶುರು. ನಿಮ್ಮಲ್ಲಿ ಯಾರಾದರೂ ಒಬ್ಬರು ಬನ್ನಿ. ಮೊದಲೇ ತಿಳಿಸುವುದು ಬೇಡ, ತಿಳಿಸಿದರೆ ನಮ್ಮವರು ಹಾರ ತರುತ್ತಾರೆ. ಎರಡೂವರೆ ಬಸ್ಸಿಗೆ ಬಂದರೆ ಗುರುಗಳ ಜೊತೆಯೇ ಇಳಿಯಬಹುದು. ಕೊಡೆ ತನ್ನಿ. ಸಂಜೆ ವಾಪಸ್ ಹೋಗಲು ಬಸ್ಸಿರುವುದಿಲ್ಲ. ಓಮ್ನಿಯಲ್ಲಿ ಮಕ್ಕಳನ್ನು ಸ್ವಲ್ಪ ಒತ್ತರಿಸಿ ಕೂರಿಸಿ ನಿಮಗೊಂದು ಜಾಗ ಮಾಡಿಕೊಡುತ್ತೇವೆ. ಅವರನ್ನೆಲ್ಲ ಮನೆ ಮುಟ್ಟಿಸಿದ ಮೇಲೆ ನಿಮ್ಮನ್ನು ಮುಖ್ಯರಸ್ತೆಗೆ ಬಿಡುತ್ತಾರೆ.

ಇಂತಿ,
ಹೊಸನಗರ ತಾಲೂಕಿನ ಒಬ್ಬ ಖಜಾಂಚಿ